ಸ್ನೂಕರ್ ಮೇಲೆ ಬಾಜಿ ಕಟ್ಟಲೇ?

ಪ್ರಶ್ನೆ: ಟಿವಿಯಲ್ಲಿ ಸ್ನೂಕರ್ ನೋಡುವ ಹುಚ್ಚು ನನಗೆ. ದೊಡ್ಡ ಆಟಗಾರನ ಮೇಲೆ ಆ್ಯಪ್‌ನಲ್ಲಿ ಬಾಜಿ ಕಟ್ಟಿದರೆ ದುಡ್ಡು ಹೋಗಲ್ಲ ಅಂತಾರೆ ಆಫೀಸಿನ ಗೆಳೆಯರು. ನಿಜವೇ ಸರ್?
– ಓದುಗ, ಡೊಂಬಿವಲಿ

ಉತ್ತರ: ಖಂಡಿತ ನಿಜ ಅಲ್ಲ ತಮ್ಮಾ. ಬೆಟ್ಟಿಂಗ್ ಸೇರಿ, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ 2025ರಲ್ಲೇ ಸಂಸತ್ತಿನಲ್ಲಿ ಪಾಸಾಗಿದೆ. ಆ ಆ್ಯಪ್ ನಾಳೆ ಮಾಯವಾದರೆ ಯಾರನ್ನು ಕೇಳ್ತೀರಿ?

ಲೆಕ್ಕವನ್ನೂ ನೋಡಿ. ಇಬ್ಬರು ಸಮಬಲದವರು. ಯಾರ ಮೇಲೆ 100 ರೂಪಾಯಿ ಕಟ್ಟಿದರೂ, ಗೆದ್ದರೆ ಅಸಲೂ ಸೇರಿ 190 ಕೊಡ್ತಾರೆ ಅಂದುಕೊಳ್ಳಿ. ಹೀಗೆ 100 ಪಂದ್ಯಕ್ಕೆ ಕಟ್ಟಿದ್ದು 10,000. ಅರ್ಧ ಗೆದ್ದರೂ ಕೈಗೆ ಬರುವುದು 9,500. ಅಸಲು ಉಳಿಸಿಕೊಳ್ಳಲಿಕ್ಕೇ 53 ಗೆಲ್ಲಬೇಕು!

ದೊಡ್ಡ ಹೆಸರನ್ನು ಸುಮ್ನೆ ನಂಬಬೇಡಿ. ಶೆಫೀಲ್ಡ್‌ನ ವಿಶ್ವ ಚಾಂಪಿಯನ್‌ಶಿಪ್ ಫೈನಲ್ ಗೆಲ್ಲಲು 18 ಫ್ರೇಮ್ (ಅಂದರೆ ಸುತ್ತು) ಗೆಲ್ಲಬೇಕು. ಒಳ್ಳೆ ಆಟಗಾರ ಹಿಂದೆ ಬಿದ್ದರೂ ಚೇತರಿಸಿಕೊಳ್ಳಲು ಅಲ್ಲಿ ಸಮಯ ಸಿಗುತ್ತದೆ. ಶೂಟ್ ಔಟ್ ಅನ್ನೋ ಟೂರ್ನಿಯಲ್ಲಿ ಪಂದ್ಯಕ್ಕೆ ಒಂದೇ ಫ್ರೇಮ್, 10 ನಿಮಿಷ. ದಾದರಿನ ನಮ್ಮ ಕ್ಲಬ್ಬಿನಲ್ಲಿ ಮಳೆಗಾಲದಲ್ಲಿ ಮೇಜಿನ ಬಟ್ಟೆ ತೇವ ಎಳೆದು ಚೆಂಡು ಭಾರವಾಗಿ ಉರುಳುತ್ತದೆ. ಕಪ್ಪು ಚೆಂಡು ಪಾಕೆಟ್ ಬಾಯಲ್ಲಿ ಎರಡು ಸಲ ಅಲ್ಲಾಡಿ ಹೊರಗೇ ನಿಂತರೆ ಮುಗೀತು, ಎಂಥ ಪಳಗಿದ ಕೈಯಾದರೂ ಫ್ರೇಮ್ ಹೋಯ್ತು.

ಮ್ಯಾಚ್ ಫಿಕ್ಸಿಂಗ್ ಪ್ರಕರಣದಲ್ಲಿ 2023ರಲ್ಲಿ ಚೀನಾದ ಹತ್ತು ಆಟಗಾರರು ನಿಷೇಧಕ್ಕೊಳಗಾದರು, ಇಬ್ಬರಿಗೆ ಆಜೀವ. ನನಗೆ ಇವತ್ತಿಗೂ ಸಂಕಟ ಆಗುವ ವಿಷಯ ಇದು.

ಊಹಿಸುವ ಖುಷಿ ಬೇಕಲ್ವಾ? ಪಂದ್ಯಕ್ಕೆ ಮೊದಲೇ ಎಲ್ಲರೂ ಸ್ಕೋರ್ ಬರೆದಿಡಿ. ಸೋತವರು ವಡಾಪಾವ್ ಕೊಡಿಸಲಿ.