ಎಂಜಿಬಿಗೆ ಎಸ್‌ಯು ಸಾಕೋ, ವೆಬರ್ ಬೇಕೋ?

ಪ್ರಶ್ನೆ: ನನ್ನದು 1965ರ ಎಂಜಿಬಿ ಸ್ಪೋರ್ಟ್ಸ್ ಕಾರು, ಜೋಡಿ ಎಸ್‌ಯು ಎಚ್‌ಎಸ್4 ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಸಾಧನ). ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದಿರುವಾಗ) ಎಂಜಿನ್ ಒಂದೇ ಸಮ ಓಡುವುದಿಲ್ಲ, ಆಕ್ಸಿಲರೇಟರ್ ಒತ್ತಿದರೆ ಮುಗ್ಗರಿಸುತ್ತದೆ. ಎರಡನ್ನೂ ಕಿತ್ತು ಒಂದು ವೆಬರ್ 45 ಡಿಸಿಓಇ ಕಾರ್ಬ್ಯುರೇಟರ್ ಹಾಕಿಸಿ ಅನ್ನುತ್ತಾರೆ ಮೆಕ್ಯಾನಿಕ್. ಹಾಕಿಸಲೇ?
– ಓದುಗರೊಬ್ಬರು, ಬರ್ಮಿಂಗ್‌ಹ್ಯಾಮ್

ಉತ್ತರ: ಬೇಡ. ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್), ಸಿಲಿಂಡರ್ ಹೆಡ್ ಬದಲಾಯಿಸದ 1798 ಸಿಸಿ ಎಂಜಿನ್‌ಗೆ ವೆಬರ್ ಹಾಕಿದರೆ ಸಿಗುವ ಶಕ್ತಿಗಿಂತ ಸದ್ದೇ ಜಾಸ್ತಿ. ಮೇಲಾಗಿ ಅದರ ಚೋಕ್, ಮೇನ್ ಜೆಟ್, ಏರ್ ಜೆಟ್, ಎಮಲ್ಷನ್ ಟ್ಯೂಬ್ ಹೀಗೆ ಗಾಳಿ-ಪೆಟ್ರೋಲ್ ಅಳತೆಯ ಭಾಗ ಒಂದೊಂದನ್ನೂ ಆರಿಸಬೇಕು. ರೋಲಿಂಗ್ ರೋಡ್ (ಚಕ್ರಗಳನ್ನು ರೋಲರ್ ಮೇಲೆ ಓಡಿಸಿ ಎಂಜಿನ್ ಪರೀಕ್ಷಿಸುವ ಯಂತ್ರ) ಮೇಲೆ ಕಾರು ಹತ್ತಿಸದೆ ಆಗುವ ಕೆಲಸವಲ್ಲ. ಎಸ್‌ಯುನಲ್ಲಿ ಗಾಳಿಯ ಹರಿವಿಗೆ ತಕ್ಕಂತೆ ಪಿಸ್ಟನ್ ತಾನೇ ಏರಿಳಿದು, ಅದರ ಸೂಜಿ ಜೆಟ್ ಎಂಬ ತೂತಿನಿಂದ ಪೆಟ್ರೋಲ್ ಅಳೆದು ಕೊಡುತ್ತದೆ. ನಿಮ್ಮ ಊರಲ್ಲೇ ತಯಾರಾಗುತ್ತಿದ್ದ ಸಾಮಾನು, ಬಿಡಿಭಾಗಕ್ಕೆ ಬರವಿಲ್ಲ.

ಮುಗ್ಗರಿಸುವುದಕ್ಕೆ ಮೊದಲ ಅನುಮಾನ, ಪಿಸ್ಟನ್ ಏರುವುದನ್ನು ನಿಧಾನ ಮಾಡುವ ಡ್ಯಾಂಪರ್‌ನ ಎಣ್ಣೆಯ ಮೇಲೆ. ಎಣ್ಣೆ ಒಣಗಿದ್ದರೆ ಪಿಸ್ಟನ್ ಒಮ್ಮೆಲೇ ಹಾರುತ್ತದೆ, ಗಾಳಿ ನುಗ್ಗುತ್ತದೆ, ಪೆಟ್ರೋಲ್ ಹಿಂದೆ ಬೀಳುತ್ತದೆ. 20 ಗ್ರೇಡ್ ಎಂಜಿನ್ ಆಯಿಲ್ ಹಾಕಿ ಡ್ಯಾಂಪರ್ ಇಳಿಸಿ. ಮುಚ್ಚಳ ಕೂರಲು ಸುಮಾರು 6 ಮಿ.ಮೀ. ಇರುವಾಗಲೇ ಕೈಗೆ ತಡೆ ಸಿಗಬೇಕು.

ಐಡಲ್ ಸರಿಯಿಲ್ಲದಿದ್ದರೆ ಥ್ರಾಟಲ್ ಸ್ಪಿಂಡಲ್ (ಗಾಳಿಯ ಬಾಗಿಲು ತಿರುಗಿಸುವ ಸಲಾಕೆ) ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಲೊಡಲೊಡ ಅಂದರೆ ಅಲ್ಲಿಂದ ಗಾಳಿ ಒಳಗೆ ಹೋಗುತ್ತಿದೆ. ಹೊಸ ಬುಷ್, ಹೊಸ ಸ್ಪಿಂಡಲ್ ಹಾಕಿಸುವ ತನಕ ಯಾವ ಸ್ಕ್ರೂ ತಿರುಗಿಸಿಯೂ ಪ್ರಯೋಜನವಿಲ್ಲ. ಆಮೇಲೆ ಡ್ಯಾಂಪರ್ ತೆಗೆದು ಪಿಸ್ಟನ್ ಎತ್ತಿಬಿಡಿ. ‘ಟಕ್’ ಎಂದು ಬೀಳಬೇಕು. ಬೀಳದಿದ್ದರೆ ಸೂಜಿ ಜೆಟ್‌ಗೆ ಉಜ್ಜುತ್ತಿದೆ, ಜೆಟ್ ಅನ್ನು ಮತ್ತೆ ನಡುವಿಗೆ ಕೂರಿಸಬೇಕು.

ಟ್ಯಾಪೆಟ್ (ವಾಲ್ವ್ ಅಂತರ), ಕಿಡಿ ಹಾರಿಸುವ ಪಾಯಿಂಟ್, ಟೈಮಿಂಗ್ ಸರಿಯಿದೆ ಎಂದು ಖಾತ್ರಿಯಾದ ಮೇಲಷ್ಟೇ ಟ್ಯೂನಿಂಗ್. ಜೆಟ್ ಅನ್ನು ಬ್ರಿಡ್ಜ್‌ನ (ಪಿಸ್ಟನ್ ಕೆಳಗಿನ ಉಬ್ಬಿದ ನೆಲ) ಮಟ್ಟಕ್ಕೆ ತಂದು, ಜೆಟ್‌ನ ನಟ್ಟನ್ನು ಎರಡು ಸುತ್ತು, ಅಂದರೆ 12 ಮುಖ, ಕೆಳಕ್ಕಿಳಿಸಿ. ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಎರಡು ಥ್ರಾಟಲ್‌ಗಳನ್ನು ಜೋಡಿಸುವ ಕ್ಲ್ಯಾಂಪ್ ಸಡಿಲಿಸಿ, ರಬ್ಬರ್ ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬ್ಯುರೇಟರ್ ಬಾಯಿಗೆ ಹಿಡಿದು ಎರಡರ ಸುಯ್ಯೆನ್ನುವ ಸದ್ದೂ ಒಂದೇ ಆಗುವಂತೆ ಐಡಲ್ ಸ್ಕ್ರೂ ತಿರುಗಿಸಿ. ಈಗ ಒಂದರ ಪಿಸ್ಟನ್ ಅನ್ನು ಸುಮಾರು 0.8 ಮಿ.ಮೀ. ಎತ್ತಿ. ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ, ನಟ್ಟು ಮೇಲಕ್ಕೆ. ಎಂಜಿನ್ ಕುಸಿದರೆ ಕಡಿಮೆ, ನಟ್ಟು ಕೆಳಕ್ಕೆ. ಚೂರೇ ಏರಿ ಮೊದಲಿನಂತಾದರೆ ಸರಿ. ಒಂದು ಸಲಕ್ಕೆ ಒಂದೇ ಮುಖ ತಿರುಗಿಸಿ, ಆತುರ ಬೇಡ. ಇನ್ನೊಂದಕ್ಕೂ ಹೀಗೇ ಮಾಡಿ, ಮತ್ತೆ ಮೊದಲನೆಯದನ್ನು ನೋಡಿ. ಒಂದನ್ನು ಮುಟ್ಟಿದರೆ ಇನ್ನೊಂದು ಕದಲುತ್ತದೆ. ಕೊನೆಗೆ ಕ್ಲ್ಯಾಂಪ್ ಬಿಗಿ ಮಾಡಿ.

ಪ್ರಶ್ನೆ: ಇದೇ ಕಾರ್ಬ್ಯುರೇಟರ್, ಫ್ಲೋಟ್ ಚೇಂಬರ್‌ನ (ಪೆಟ್ರೋಲ್ ತುಂಬಿಟ್ಟುಕೊಳ್ಳುವ ಬಟ್ಟಲು) ಓವರ್‌ಫ್ಲೋ ಕೊಳವೆಯಿಂದ ಪೆಟ್ರೋಲ್ ಸೋರುತ್ತಿದೆ. ಕಾರಣ?

ಉತ್ತರ: ಪೆಟ್ರೋಲ್ ಒಳಬರುವುದನ್ನು ಮುಚ್ಚುವ ನೀಡಲ್ ವಾಲ್ವ್‌ನಲ್ಲಿ ಕಸ, ಇಲ್ಲವೇ ಅದನ್ನು ಒತ್ತುವ, ತೇಲುವ ಫ್ಲೋಟ್ ತೂತಾಗಿರಬೇಕು. ಫ್ಲೋಟ್ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದರೆ ಬದಲಿಸಿ. ನೈಲಾನ್ ಫ್ಲೋಟಾದರೆ ಮುಚ್ಚಳ ತಲೆಕೆಳಗಾಗಿ ಹಿಡಿದಾಗ ಮುಚ್ಚಳಕ್ಕೂ ಫ್ಲೋಟಿಗೂ ನಡುವೆ 3.2 ಮಿ.ಮೀ. ಕಡ್ಡಿ ತೂರಬೇಕು. 2021ರಿಂದ ಬ್ರಿಟನ್ನಿನ ಮಾಮೂಲಿ ಪೆಟ್ರೋಲ್ ಇ10, ಅಂದರೆ ಶೇ 10ರವರೆಗೆ ಎಥನಾಲ್ ಬೆರೆತದ್ದು. ಹಳೇ ರಬ್ಬರ್ ಹೋಸ್‌ಗಳನ್ನು ಎಥನಾಲ್ ಹಾಳುಮಾಡುತ್ತದೆ, ಪುಡಿ ಬಂದು ವಾಲ್ವಿನಲ್ಲಿ ಕೂರುತ್ತದೆ. ಹೋಸ್ ಬದಲಿಸದೆ ವಾಲ್ವ್ ಮಾತ್ರ ಬದಲಿಸಿದರೆ ಮತ್ತೆ ಸೋರುತ್ತದೆ.