ಬಾರ್ನ್ಸ್‌ನಲ್ಲಿ ಮನೆ ಹಿಡಿಯುವ ಮುಂಚೆ

ಆಫೀಸು ಹ್ಯಾಮರ್‌ಸ್ಮಿತ್‌ನಲ್ಲಿ, ಮಗಳಿಗೆ ಆರು ವರ್ಷ, ಬಾರ್ನ್ಸ್‌ನಲ್ಲಿ ಒಂದು ಫ್ಲಾಟ್ ನೋಡಿದ್ದೇವೆ, ಏಜೆಂಟು ‘ಲಂಡನ್ನಿನೊಳಗೇ ಹಳ್ಳಿ’ ಅಂತಾನೆ, ನಂಬಬಹುದಾ ಅಂತ ಕೇಳಿದ್ದೀರಿ. ಬಹಳ ವರ್ಷದಿಂದ ಇಲ್ಲೇ ಇರುವವನು ನಾನು. ಅವನು ಹೇಳಿದ್ದು ಸುಳ್ಳಲ್ಲ. ಆದರೆ ಯಾವುದು ಇದನ್ನು ಹಳ್ಳಿಯಾಗಿ ಉಳಿಸಿದೆಯೋ, ದಿನಾ ಕಾಡುವುದೂ ಅದೇ.

ಮ್ಯಾಪ್ ತೆಗೆದು ನೋಡಿ. ಥೇಮ್ಸ್ ಇಲ್ಲಿ ಉತ್ತರಕ್ಕೆ ಬಾಗಿ ಊರನ್ನು ಬಳಸಿಕೊಂಡು ಹೋಗುತ್ತದೆ. ಮೂರು ಕಡೆ ನೀರು, ದಕ್ಷಿಣಕ್ಕೆ ನೂರು ಎಕರೆಗೂ ಮಿಕ್ಕ ಬಾರ್ನ್ಸ್ ಕಾಮನ್ ಅನ್ನುವ ಸಾರ್ವಜನಿಕ ಬಯಲು. ಶತಮಾನಗಳ ಕಾಲ ಈ ಜಮೀನೆಲ್ಲ ಸೇಂಟ್ ಪಾಲ್ಸ್ ಕೆಥೆಡ್ರಲ್ಲಿನದು. 1827ರಲ್ಲಿ ಆಚೆ ದಡದ ಹ್ಯಾಮರ್‌ಸ್ಮಿತ್‌ಗೆ ಮೊದಲ ಸೇತುವೆ ಆಯಿತು, 1846ರಲ್ಲಿ ರೈಲು ಬಂತು. ಟ್ಯೂಬ್, ಅಂದರೆ ಲಂಡನ್ನಿನ ಮೆಟ್ರೋ, ಮಾತ್ರ ಇವತ್ತಿಗೂ ಬಂದಿಲ್ಲ. 1965ರವರೆಗೆ ಇದು ಲಂಡನ್ನಿಗೇ ಸೇರಿರಲಿಲ್ಲ, ಸರ್ರೆ ಕೌಂಟಿಯಲ್ಲಿತ್ತು. ಹಳಬರ ಠೀವಿ ಇನ್ನೂ ಸರ್ರೆಯದೇ.

ಊರ ನಡುವೆ ಒಂದು ಕೆರೆ ಇದೆ. ನಮ್ಮ ಕಡೆಯ ಕೆರೆ ಅಂದುಕೊಂಡು ಬರಬೇಡಿ, ದೊಡ್ಡ ಕಲ್ಯಾಣಿಯಷ್ಟು ಅಷ್ಟೇ. ಅಲ್ಲಿಂದ ಹೈಸ್ಟ್ರೀಟ್ ಹಿಡಿದು ನಡೆದರೆ ‘ಟೆರೇಸ್’ ಅನ್ನುವ ನದಿದಡದ ಮನೆಸಾಲು. ಸಂಗೀತಗಾರ ಹೋಲ್ಸ್ಟ್ ಇದ್ದ ಮನೆ ಅಲ್ಲಿದೆ. 1863ರಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಕಟ್ಟಿ, ಅದರ ಮೊದಲ ನಿಯಮಗಳ ಕರಡು ಬರೆದ ಎಬೆನೀಜರ್ ಮೊರ್ಲಿಯೂ ಅದೇ ಸಾಲಿನವನು. ಆ ನಿಯಮಗಳ ಪ್ರಕಾರ ಆಡಿದ ಮೊದಲ ಪಂದ್ಯ ಬಾರ್ನ್ಸ್‌ಗೂ ರಿಚ್ಮಂಡ್‌ಗೂ ನಡೆದು, ಒಂದೂ ಗೋಲಿಲ್ಲದೆ ಮುಗಿಯಿತು! ಇಲ್ಲಿಯವರ ಸ್ವಭಾವ ಬಲ್ಲವರಿಗೆ ಅದರಲ್ಲಿ ಆಶ್ಚರ್ಯವೇನಿಲ್ಲ.

ನದಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಕಾವೇರಿ ನೋಡಿ ಬೆಳೆದವರಿಗೆ ಇದು ವಿಚಿತ್ರ. ಸಮುದ್ರದ ಉಬ್ಬರ ಇಲ್ಲಿಂದ ಮೇಲೆ ಟೆಡಿಂಗ್ಟನ್‌ವರೆಗೂ ಹೋಗುತ್ತದೆ. ಬೆಳಿಗ್ಗೆ ಕೆಳಕ್ಕೆ ತೇಲಿಹೋದ ಮರದ ತುಂಡು ಮಧ್ಯಾಹ್ನ ಮೇಲಕ್ಕೆ ಬರುವುದುಂಟು. ಇಳಿತದಲ್ಲಿ ದಡದ ಕಲ್ಲು, ಕೆಸರು ಎಲ್ಲ ಬಯಲು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದೊಡ್ಡ ಉಬ್ಬರಕ್ಕೆ ಕಾಲುದಾರಿಯೇ ಕೆಲವು ಕಡೆ ಮುಳುಗುತ್ತದೆ. ಮಗಳನ್ನು ಕರೆದುಕೊಂಡು ಹೊರಡುವ ಮುಂಚೆ ಉಬ್ಬರದ ಹೊತ್ತು ನೋಡಿಕೊಳ್ಳಿ.

ಇನ್ನು ಸೇತುವೆ. ಈಗಿನ ಹ್ಯಾಮರ್‌ಸ್ಮಿತ್ ಸೇತುವೆ 1887ರದು, ಲಂಡನ್ನಿನ ಒಳಚರಂಡಿ ಕಟ್ಟಿಸಿದ ಬಜಲ್ಜೆಟ್‌ನದೇ ಕೆಲಸ. ಎರಕದ ಕಬ್ಬಿಣ ಬಿರುಕು ಬಿಟ್ಟು 2019ರ ಏಪ್ರಿಲ್‌ನಲ್ಲಿ ವಾಹನ ನಿಂತವು. 2020ರ ಆಗಸ್ಟ್‌ನಿಂದ ಸುಮಾರು ಒಂದು ವರ್ಷ ನಡೆದು ಹೋಗುವುದಕ್ಕೂ ಬಿಡಲಿಲ್ಲ. ಆಮೇಲೆ ಪಾದಚಾರಿಗಳಿಗೆ, ಸೈಕಲ್ಲಿನವರಿಗೆ ತೆರೆದರು. ಬಸ್ಸು ಕ್ಯಾಸಲ್‌ನೌ ರಸ್ತೆಯಲ್ಲಿ ಇಳಿಸುತ್ತದೆ, ಮುಂದಕ್ಕೆ ನಡಿಗೆ. ನಿಮ್ಮ ಆಫೀಸಿಗೆ ಅದೇನೂ ಕಷ್ಟವಲ್ಲ, ಹೊಟ್ಟೆಯಾದರೂ ಕರಗುತ್ತದೆ. ಆದರೆ ನಡುರಾತ್ರಿ ಮಗುವಿಗೆ ಜ್ವರ ಏರಿದರೆ, ಚೇರಿಂಗ್ ಕ್ರಾಸ್ ಆಸ್ಪತ್ರೆ ಆಚೆ ದಡದಲ್ಲೇ ಇದ್ದರೂ, ಟ್ಯಾಕ್ಸಿ ಪಟ್ನಿ ಅಥವಾ ಚಿಸಿಕ್ ಸೇತುವೆ ಸುತ್ತಿಕೊಂಡೇ ಹೋಗಬೇಕು. ಏಜೆಂಟು ಇದನ್ನು ಹೇಳಿರುವುದಿಲ್ಲ.

ಮಗಳಿಗೆ ವೆಟ್‌ಲ್ಯಾಂಡ್ ಸೆಂಟರ್ ಖಂಡಿತ ಹಿಡಿಸುತ್ತದೆ. ವಿಕ್ಟೋರಿಯಾ ಕಾಲದ ನಾಲ್ಕು ಜಲಾಶಯ ಕೆಲಸಕ್ಕೆ ಬಾರದಾದಾಗ ಅಲ್ಲಿ ಹಕ್ಕಿಗಳಿಗೆ ಜೌಗು ಮಾಡಿ 2000ದಲ್ಲಿ ತೆರೆದರು. ಸ್ಕೂಲಿನ ಸೀಟಿಗೆ ರಿಚ್ಮಂಡ್ ಕೌನ್ಸಿಲ್ಲಿಗೆ ಅರ್ಜಿ ಹಾಕಬೇಕು. ವರ್ಷದ ನಡುವೆ ಬಂದರೆ ಎಲ್ಲಿ ಖಾಲಿಯೋ ಅಲ್ಲಿ.

ನಮ್ಮವರು ಇಲ್ಲಿ ಕಡಿಮೆ. ಚೀಸ್ ಅಂಗಡಿ, ಪುಸ್ತಕದಂಗಡಿ ಎಲ್ಲ ಇವೆ, ಕರಿಬೇವಿಗೆ ಮಾತ್ರ ಟೂಟಿಂಗ್‌ಗೆ ಓಡಬೇಕು. ಗಣಪತಿ ದೇವಸ್ಥಾನ ವಿಂಬಲ್ಡನ್‌ನಲ್ಲಿದೆ. ಬಾರ್ನ್ಸ್ ಬ್ರಿಜ್‌ನಲ್ಲಿ ರೈಲು ಹತ್ತಿ ವಾಕ್ಸ್‌ಹಾಲ್‌ನಲ್ಲಿ ಇಳಿದು, ಇದೇ ನದಿಯ ದಡ ಹಿಡಿದು ನಡೆದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರಲ್ಲಿ ಅನಾವರಣವಾದ ಬಸವಣ್ಣನವರ ಪ್ರತಿಮೆ ಸಿಗುತ್ತದೆ. ಊರಿಂದ ಅಪ್ಪ ಅಮ್ಮ ಬಂದರೆ ಮೊದಲು ಅಲ್ಲಿಗೇ ಕರೆದೊಯ್ಯಿರಿ.

ಬಾಡಿಗೆ ಜಾಸ್ತಿಯೇ, ಅದರಲ್ಲಿ ಚೌಕಾಸಿ ನಡೆಯುವುದು ಕಷ್ಟ. ಕರಾರಿಗೆ ಸಹಿ ಹಾಕುವ ಮುಂಚೆ ವಾರದ ದಿನ ಬೆಳಿಗ್ಗೆ ಬೇಗ ಒಮ್ಮೆ ಬಂದು ಫ್ಲಾಟಿನ ಕಿಟಕಿ ತೆರೆಸಿ ನಿಲ್ಲಿ. ಹೀತ್ರೋಗೆ ಇಳಿಯುವ ವಿಮಾನಗಳು ತಲೆಯ ಮೇಲೇ ಹೋಗುತ್ತವೆ. ಆ ಸದ್ದು ನಿಮ್ಮ ಮನೆಯವರಿಗೆ ಒಗ್ಗದಿದ್ದರೆ ಬೇರೆ ಕಡೆ ನೋಡಿ.