ಬೋರ್ಡಿನತ್ತ ತಿರುಗಿದರೆ ಸಾಕು, ಗಲಾಟೆ: ಬಿ.ಎಡ್ ಇಂಟರ್ನ್ ಪ್ರಶ್ನೆಗೆ ಪ್ರತಿಕ್ರಿಯೆ

ಎಂಟನೇ ತರಗತಿಯಲ್ಲಿ ನೀವು ಬರೆಯಲು ತಿರುಗಿದ ಕೂಡಲೇ ಹಿಂದಿನ ಬೆಂಚಿನ ಮೂವರು ಕೂಗು ಹಾಕುತ್ತಾರೆ, ಗದರಿದರೆ ಎಲ್ಲರೂ ನಗುತ್ತಾರೆ ಎಂದಿದ್ದೀರಿ. ಮೊದಲು ಬೆನ್ನು ತೋರಿಸುವ ಹೊತ್ತನ್ನೇ ಕಡಿಮೆ ಮಾಡಿ. ಉದ್ದದ ಬರಹವನ್ನು ರೋಲ್‌ಅಪ್ ಬೋರ್ಡಿನಲ್ಲಿ (ಸುರುಳಿ ಸುತ್ತಿ ಒಯ್ಯುವ ಬೋರ್ಡು) ಮೊದಲೇ ಬರೆದು ತನ್ನಿ. ಉಳಿದದ್ದನ್ನು ಓರೆಯಾಗಿ ನಿಂತು ಒಂದೊಂದೇ ಸಾಲು ಬರೆಯಿರಿ, ಅಷ್ಟರಲ್ಲಿ ಮಕ್ಕಳ ಕೈಯಲ್ಲೂ ಬರೆಯುವ ಕೆಲಸವಿರಲಿ.

ಆದರೂ ಗಲಾಟೆ ಎದ್ದರೆ ಮುಂದೆ ನಿಂತು ಕೂಗಬೇಡಿ. ಪಾಠ ನಿಲ್ಲಿಸದೆ ಆ ಬೆಂಚಿನ ಹತ್ತಿರ ಹೋಗಿ, ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟು, ಮೆಲುದನಿಯಲ್ಲಿ ಹೆಸರು ಹಿಡಿದು "ಎರಡನೇ ಪ್ರಶ್ನೆ ಬರಿಯಪ್ಪ" ಅನ್ನಿ. ಹೇಳಿ ಅಲ್ಲಿಂದ ಸರಿಯಿರಿ. ಇದು ಮುಖ್ಯ. ಎದುರಲ್ಲೇ ನಿಂತು ದಿಟ್ಟಿಸಿದರೆ ಗೆಳೆಯರ ಮುಂದೆ ಮಾನ ಹೋಗಬಾರದೆಂದು ಹುಡುಗ ಎದುರುತ್ತರ ಕೊಡುತ್ತಾನೆ. "ಯಾಕೋ ಗಲಾಟೆ?" ಎಂದು ಕೇಳಲೂಬೇಡಿ, ಏನಾದರೊಂದು ಹೇಳಿ ನಗಿಸಲು ಅವನಿಗೆ ಅದೇ ಅವಕಾಶ.

ಹೊಡೆತ, ಹೀಯಾಳಿಕೆ ಎರಡೂ ಕೂಡದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಹೊರಗೆ ನಿಲ್ಲಿಸಿದರೆ ಪಾಠ ತಪ್ಪಿಸಿಕೊಳ್ಳುವ ದಾರಿ ನೀವೇ ತೋರಿಸಿದಂತೆ.

ಇನ್ನೊಂದು ಮಾತು. ಆ ಮೂವರಿಂದಲೂ ಬೇರೆಬೇರೆಯಾಗಿ, ಯಾರೂ ಇಲ್ಲದಾಗ, ಒಂದು ಪ್ಯಾರಾ ಓದಿಸಿ ನೋಡಿ. ಅಕ್ಷರ ಕೂಡಿಸಿ ಓದಲು ತಡವರಿಸುವ ಮಗು ಅದನ್ನು ಮುಚ್ಚಿಡಲು ಗದ್ದಲ ಮಾಡುವುದು ಬಹಳ ಸಾಮಾನ್ಯ. ಹಾಗಿದ್ದರೆ ಅವನಿಗೆ ಬರುವಂಥ ಪ್ರಶ್ನೆಯನ್ನೇ ತರಗತಿಯಲ್ಲಿ ಮೊದಲು ಕೇಳಿ. ಹೊಡೆದಾಟವಾದರೆ ಮಾತ್ರ ತಡಮಾಡದೆ ಮಾರ್ಗದರ್ಶಿ ಶಿಕ್ಷಕರನ್ನು ಕರೆಯಿರಿ.